ಕ್ಯಾಸೆಟ್ ಹೋಗಲಿ, ಕವರ್ ಇರಲಿ



ನಿಮ್ಮ ಮನೆಯ ಲಾಫ್ಟ್‌ನಲ್ಲಿ ಕನ್ನಡ ಕ್ಯಾಸೆಟ್‌ಗಳು ಎಷ್ಟಿವೆ? ಎಪ್ಪತ್ತು, ಎಂಬತ್ತರ ದಶಕದಲ್ಲಿ ಈ ಊರಿಗೆ ಬಂದವರಾದರೆ ಎರಡು ಶೂ ಡಬ್ಬಿ ತುಂಬುವಷ್ಟಾದರೂ ಇರಲೇಬೇಕು. ಹಾಕಿ ಕೇಳೋಣವೆಂದರೆ ಟೇಪ್ ರೆಕಾರ್ಡರ್ ಇಲ್ಲ, ಇದ್ದರೆ ಅದರ ಬೆಲ್ಟ್ ಜೋತುಬಿದ್ದಿದೆ. ಎಸೆಯೋಣವೆಂದರೆ ಕೈ ಬರುವುದಿಲ್ಲ. ಈಚೆಗೆ ನಮ್ಮಲ್ಲಿ ಹಲವರು ದೊಡ್ಡ ಮನೆ ಮಾರಿ ಚಿಕ್ಕ ಫ್ಲ್ಯಾಟ್‌ಗೆ ಹೋಗುತ್ತಿದ್ದಾರೆ. ಹಾಗೆ ಹೋಗುವಾಗ ಮೊದಲು ಸ್ಕಿಪ್ ಸೇರುವುದು ಈ ಡಬ್ಬಿಗಳೇ. ನನ್ನ ಅಭಿಪ್ರಾಯ ಇಷ್ಟು: ಟೇಪು ಹೋದರೆ ಹೋಗಲಿ, ಕವರ್ ಮಾತ್ರ ತೆಗೆದಿಟ್ಟುಕೊಳ್ಳಿ. ಹಾಡು ಇವತ್ತಲ್ಲ ನಾಳೆ ಎಲ್ಲಿಂದಲಾದರೂ ಸಿಗುತ್ತದೆ. ಕವರ್ ಸಿಗುವುದಿಲ್ಲ.

ಇವರಿಗೆ ವಯಸ್ಸಾಯಿತು ಎಂದು ನಗುವ ಮುಂಚೆ, ನಾವಿರುವ ಈ ಊರು ಹಾಡಿನ ಕವರ್‌ಗೆ ಎಷ್ಟು ಬೆಲೆ ಕೊಡುತ್ತದೆ ನೋಡಿ. ಇಂಡಿಯಾದಿಂದ ಬಂದ ನೆಂಟರಿಗೆ ಲಂಡನ್ ತೋರಿಸುವುದು ನಮಗೆಲ್ಲ ಬಾಯಿಪಾಠ. ಬಿಗ್ ಬೆನ್, ಟವರ್ ಬ್ರಿಜ್, ಮೇಡಂ ಟುಸಾಡ್ಸ್, ನೀಸ್ಡನ್ ದೇವಸ್ಥಾನ. ಜೊತೆಗೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಇದ್ದರೆ ಅವನು ಕೇಳುವುದು ಆ್ಯಬಿ ರೋಡ್. ಸೇಂಟ್ ಜಾನ್ಸ್ ವುಡ್‌ನ ಒಂದು ಜೀಬ್ರಾ ಕ್ರಾಸಿಂಗ್! (ಮರೆಯುವ ಮುಂಚೆ ಹೇಳಿಬಿಡುತ್ತೇನೆ, ಡಿಎಲ್‌ಆರ್ ರೈಲಿನ ಆ್ಯಬಿ ರೋಡ್ ಸ್ಟೇಷನ್‌ಗೆ ಅವನನ್ನು ಕಳಿಸಬೇಡಿ. ಅದು ವೆಸ್ಟ್ ಹ್ಯಾಮ್ ಹತ್ತಿರ, ಊರಿನ ಇನ್ನೊಂದು ಕಡೆ.)

1969ರ ಆಗಸ್ಟ್ 8ರ ಬೆಳಿಗ್ಗೆ ಇಯಾನ್ ಮ್ಯಾಕ್‌ಮಿಲನ್ ಎಂಬ ಫೋಟೋಗ್ರಾಫರ್ ಆ ರಸ್ತೆಯ ನಡುವೆ ಏಣಿ ಹತ್ತಿ ನಿಂತರು. ಒಬ್ಬ ಪೊಲೀಸಿನವನು ವಾಹನಗಳನ್ನು ತಡೆದ. ಬೀಟಲ್ಸ್‌ನ ನಾಲ್ವರೂ ಅತ್ತಿಂದಿತ್ತ ನಡೆದರು. ಹತ್ತು ನಿಮಿಷದ ಕೆಲಸ, ಆರು ಫೋಟೋ. ಅದರಲ್ಲೊಂದು ಕವರ್ ಆಯಿತು. ಮುಂಬದಿಯಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಮ್‌ನ ಹೆಸರೂ ಇಲ್ಲ. 2010ರಲ್ಲಿ ಆ ಕ್ರಾಸಿಂಗನ್ನು ಗ್ರೇಡ್ 2 ಪಟ್ಟಿಗೆ ಸೇರಿಸಿ ರಕ್ಷಣೆ ಕೊಟ್ಟರು. ರಸ್ತೆಗೆ ಬಳಿದ ಬಿಳಿ ಪಟ್ಟಿಗೆ!

ಆ ಚಿತ್ರದಲ್ಲಿ ಅಂಥದ್ದೇನಿದೆ? ಏನೂ ಇಲ್ಲ. ನಾಲ್ಕು ಜನ ರಸ್ತೆ ದಾಟುತ್ತಿದ್ದಾರೆ. ಆದರೆ ಅಭಿಮಾನಿಗಳು ಅದನ್ನು ಜಾತಕ ನೋಡಿದಂತೆ ನೋಡಿದರು. ಪಾಲ್ ಮೆಕಾರ್ಟ್ನಿ ಬರಿಗಾಲಲ್ಲಿ ಯಾಕಿದ್ದಾನೆ? ಉಳಿದ ಮೂವರ ಹೆಜ್ಜೆಗೆ ಅವನ ಹೆಜ್ಜೆ ಯಾಕೆ ಕೂಡುತ್ತಿಲ್ಲ? ಹಿಂದೆ ನಿಂತ ಫೋಕ್ಸ್‌ವ್ಯಾಗನ್ ಕಾರಿನ ನಂಬರಿನಲ್ಲಿ '28 ಇಫ್' ಎಂದು ಓದಬಹುದು. ಅಂದರೆ ಬದುಕಿದ್ದಿದ್ದರೆ 28 ವರ್ಷ. ಆದ್ದರಿಂದ ಪಾಲ್ ಸತ್ತಿದ್ದಾನೆ! ಪಾಲ್‌ಗೆ ಆಗ ತುಂಬಿದ್ದು 27. ನಮ್ಮ ಅಜ್ಜಿಯರ ಲೆಕ್ಕದಲ್ಲಿ 28 ನಡೆಯುತ್ತಿತ್ತು, ಅಷ್ಟು ಮಾತ್ರ ಸರಿ. ಇಂಥ ಹುಚ್ಚು ಎಲ್ಲಿಂದ ಹುಟ್ಟುತ್ತದೆ ಎಂದರೆ, ಪ್ಲೇಟು ಹಾಕಿ ಮುಳ್ಳು ಇಟ್ಟ ಮೇಲೆ ಮುಕ್ಕಾಲು ಗಂಟೆ ಕೈಯಲ್ಲಿ ಇರುತ್ತಿದ್ದುದು ಆ ಹನ್ನೆರಡು ಇಂಚಿನ ರಟ್ಟು ಒಂದೇ. ಕಿವಿಗೆ ಹಾಡು, ಕಣ್ಣಿಗೆ ಅದೇ ಚಿತ್ರ. ಹಾಗೆ ಐವತ್ತು ಸಲ ಕೂತರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ.

ಪಿಂಕ್ ಫ್ಲಾಯ್ಡ್‌ನವರು 1977ರ ಆಲ್ಬಮ್ಮಿಗಾಗಿ ಬ್ಯಾಟರ್‌ಸೀ ಪವರ್ ಸ್ಟೇಷನ್ನಿನ ಚಿಮಣಿಗಳ ನಡುವೆ ಗಾಳಿ ತುಂಬಿದ ಹಂದಿಯನ್ನು ಹಾರಿಸಿದ ಕತೆ ನಿಮಗೆ ಗೊತ್ತಿರಬಹುದು. ಹಿಂದಿನ ಡಿಸೆಂಬರ್‌ನಲ್ಲಿ ಫೋಟೋ ತೆಗೆಯುವಾಗ ಅದು ಹಗ್ಗ ಹರಿದುಕೊಂಡು ಕೆಂಟ್‌ನ ಒಂದು ಹೊಲದವರೆಗೂ ಹೋಗಿ ಬಿತ್ತು. ಅದಿರಲಿ. ನಮಗೆ ಹತ್ತಿರದ ಕತೆ ಬೀಟಲ್ಸ್‌ನವರ 'ಸಾರ್ಜೆಂಟ್ ಪೆಪ್ಪರ್' ಕವರ್‌ನದು. 1967ರ ಆ ಜಾತ್ರೆಯಂಥ ಚಿತ್ರದಲ್ಲಿ ಪರಮಹಂಸ ಯೋಗಾನಂದರೂ ಸೇರಿ ನಮ್ಮ ಕಡೆಯ ನಾಲ್ವರು ಗುರುಗಳಿದ್ದಾರೆ. ಮುಂದೆ ಒಂದು ಪುಟ್ಟ ಲಕ್ಷ್ಮಿಯೂ ಇದ್ದಾಳೆ. ಗಾಂಧೀಜಿಯೂ ಇದ್ದರು. ಇಂಡಿಯಾದಲ್ಲಿ ಜನ ಬೇಜಾರು ಮಾಡಿಕೊಂಡಾರು ಎಂದು ಇಎಂಐ ಕಂಪನಿ ಹೆದರಿದ್ದರಿಂದ ಅವರನ್ನು ತೆಗೆಸಿದರು. ಆ ಹೆದರಿಕೆಯಲ್ಲಿ ಗೌರವ ಎಷ್ಟು, ವ್ಯಾಪಾರ ಎಷ್ಟು, ನೀವೇ ಲೆಕ್ಕ ಹಾಕಿ. ಆದರೆ ಅದೇ ಕವರ್‌ನ ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯವನ್ನು ಪೂರ್ತಿಯಾಗಿ ಅಚ್ಚು ಹಾಕಿದ್ದರು. ಪಾಪ್ ಸಂಗೀತದಲ್ಲಿ ಆಗ ಅದು ಹೊಸ ಸಂಗತಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇಎಂಐ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಮನೆಗಳ 'ನಾಯಿ ಪ್ಲೇಟಿ'ನ ಎಚ್‌ಎಂವಿಯವರೇ. ಅವರ ದೊಡ್ಡ ಕಾರ್ಖಾನೆ ಇದ್ದದ್ದು ಹೇಯ್ಸ್‌ನಲ್ಲಿ. ನಾವು ತರಕಾರಿಗೆ ಹೋಗುವ ಸೌತಾಲ್‌ನಿಂದ ಮುಂದಿನ ಸ್ಟೇಷನ್. ಈಗ ಆ ಜಾಗದಲ್ಲಿ ಫ್ಲ್ಯಾಟ್‌ಗಳೆದ್ದಿವೆ, ಹೆಸರು ಮಾತ್ರ 'ಓಲ್ಡ್ ವಿನೈಲ್ ಫ್ಯಾಕ್ಟರಿ' ಎಂದೇ ಉಳಿದಿದೆ. ನಾಯಿಯೂ ಈ ಊರಲ್ಲೇ ಇದೆ ಗೊತ್ತೇ? ಅದರ ಹೆಸರು ನಿಪ್ಪರ್. 1895ರಲ್ಲಿ ಸತ್ತಾಗ ಅದನ್ನು ಹೂಳಿದ್ದು ಕಿಂಗ್‌ಸ್ಟನ್‌ನಲ್ಲಿ. ಈಗ ಅಲ್ಲೊಂದು ಬ್ಯಾಂಕ್ ಇದೆ, ಪಕ್ಕದ ಸಂದಿಗೆ 2010ರಲ್ಲಿ 'ನಿಪ್ಪರ್ ಆ್ಯಲಿ' ಎಂದು ಹೆಸರಿಟ್ಟಿದ್ದಾರೆ. ನಾಯಿ ಸತ್ತ ಮೇಲೆ ಫ್ರಾನ್ಸಿಸ್ ಬರೋ ಎಂಬ ಕಲಾವಿದ ಅದರ ಚಿತ್ರ ಬರೆದ. 1899ರಲ್ಲಿ ಗ್ರಾಮಫೋನ್ ಕಂಪನಿ ಅದನ್ನು ನೂರು ಪೌಂಡಿಗೆ ಕೊಂಡಿತು. ಆ ನೂರು ಪೌಂಡಿನ ನಾಯಿ ಅರಸೀಕೆರೆಯ ನಮ್ಮಜ್ಜನ ಮನೆಯ ನಡುಮನೆಗೂ ಬಂದು ಕೂತಿತ್ತು.

ಹಳೆಯ 78 ಪ್ಲೇಟುಗಳಿಗೆ ಕವರ್ ಎಂದರೆ ಬರೀ ಕಾಗದದ ಚೀಲ, ನಡುವೆ ಒಂದು ತೂತು. ತೂತಿನಿಂದ ಲೇಬಲ್ ಕಾಣುತ್ತದೆ, ಲೇಬಲ್ಲಿನಲ್ಲಿ ನಾಯಿ. ದೇವರನಾಮವಿರಲಿ, ನಾಟಕದ ಹಾಡಿರಲಿ, ಎಲ್ಲದಕ್ಕೂ ಅದೇ ಮುಖ! ನಮ್ಮಜ್ಜಿ ಓದಿದವರಲ್ಲ. ನಾಯಿಯ ಕೆಳಗೆ ಲೇಬಲ್ಲು ಎಲ್ಲಿ ಸವೆದಿದೆ, ಎಲ್ಲಿ ಕಾಫಿ ಕಲೆ ಬಿದ್ದಿದೆ ನೋಡಿ ಇದು ಯಾವ ಹಾಡು ಎಂದು ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪಿದ್ದು ನೆನಪಿಲ್ಲ.

ಇನ್ನು ನಮ್ಮ ಕಾಲದ ಕ್ಯಾಸೆಟ್‌ಗೆ ಬರೋಣ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಆಮೇಲೆ ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಶರೀಫರ ಪದಗಳು, 'ಮೈಸೂರು ಮಲ್ಲಿಗೆ'... ಬೆಂಗಳೂರಿಗೆ ಹೋದವರು ಬರುವಾಗ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹಪ್ಪಳದ ಪಕ್ಕದಲ್ಲಿ ನಾಲ್ಕು ಕ್ಯಾಸೆಟ್ ತರಲೇಬೇಕಿತ್ತು. ಸೌತಾಲ್ ಬ್ರಾಡ್‌ವೇಯ ಅಂಗಡಿಗಳಲ್ಲಿ ಹಿಂದಿ, ಪಂಜಾಬಿ ಎಷ್ಟು ಬೇಕಾದರೂ; ಕನ್ನಡ ಕೇಳಿದರೆ ತಮಿಳು ತೋರಿಸುತ್ತಿದ್ದರು.

ಕಲೆ ಎಂದು ನೋಡಿದರೆ ಆ ಕವರ್‌ಗಳಲ್ಲಿ ಬಹಳಷ್ಟು ಸಾಧಾರಣ. ಗುಲಾಬಿ ಹೂವು, ಸೂರ್ಯಾಸ್ತ, ಕೆಳಗೆ ಸಾಲಾಗಿ ಗಾಯಕರ ಪಾಸ್‌ಪೋರ್ಟ್ ಫೋಟೋ. ಅಚ್ಚು ಸರಿಯಾಗಿ ಕೂರದೆ ಗಾಯಕಿಯ ತುಟಿಯ ಕೆಂಪು ಗಲ್ಲಕ್ಕೆ ಜಾರಿರುತ್ತಿತ್ತು. ಆದರೆ ಅಕ್ಷರ! ಕಂಪ್ಯೂಟರ್ ಫಾಂಟ್ ಬರುವ ಮುಂಚೆ ಕಲಾವಿದರು ಬ್ರಷ್ ಹಿಡಿದು ಬರೆದ ಆ ಕನ್ನಡ ಅಕ್ಷರಗಳು ಒಂದೊಂದು ಕ್ಯಾಸೆಟ್ಟಿಗೆ ಒಂದೊಂದು ರೀತಿ. ತಲೆಕಟ್ಟು ಬಳ್ಳಿಯಾಗುತ್ತಿತ್ತು, ಒತ್ತಕ್ಷರ ದೀಪವಾಗುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕೈಬರಹ ಹೋಗಿ ಎಲ್ಲ ಕ್ಯಾಸೆಟ್ಟಿಗೂ ಒಂದೇ ಮುಖ ಬಂತು, ನಾಯಿ ಪ್ಲೇಟಿನ ಹಾಗೆ. ನನ್ನ ಮಟ್ಟಿಗೆ ಕನ್ನಡ ಕವರ್ ಕಲೆಯ ಒಳ್ಳೆಯ ಭಾಗ ಆ ಅಕ್ಷರಗಳೇ. ಫೋಟೋ ಅಲ್ಲ.

ಮಡಿಕೆ ಬಿಚ್ಚಿದರೆ ಒಳಗೆ ಪಟ್ಟಿ. 'ಎ' ಸೈಡ್, 'ಬಿ' ಸೈಡ್, ಪ್ರತಿ ಹಾಡಿನ ಮುಂದೆ ಕವಿಯ ಹೆಸರು, ಗಾಯಕರ ಹೆಸರು. ನನ್ನ ಮಗಳು ಕನ್ನಡ ಓದಲು ಕಲಿತದ್ದು ಆ ಪಟ್ಟಿಯಿಂದ. ನಾನು ತಂದ ಅಕ್ಷರಮಾಲೆ ಪುಸ್ತಕವನ್ನು ಅವಳು ಮುಟ್ಟಲಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಹಾಡು ಶುರುವಾದ ಕೂಡಲೇ ಅದರ ಮೊದಲ ಪದವನ್ನು ಪಟ್ಟಿಯಲ್ಲಿ ಹುಡುಕುವುದು ಅವಳ ಆಟ. ಹ್ಯಾರೋದಿಂದ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಬರುವಷ್ಟರಲ್ಲಿ 'ಕ'ಕ್ಕೂ 'ತ'ಕ್ಕೂ ವ್ಯತ್ಯಾಸ ತಿಳಿದಿತ್ತು. ಕನ್ನಡದ ಬೋರ್ಡು, ಬಸ್ಸು, ಪೇಪರ್ ಯಾವುದೂ ಇಲ್ಲದ ಊರಿನಲ್ಲಿ ಮಕ್ಕಳ ಕೈಗೆ ಸಿಗುತ್ತಿದ್ದ ಕನ್ನಡ ಅಚ್ಚು ಎಂದರೆ ಕ್ಯಾಲೆಂಡರ್ ಮತ್ತು ಕ್ಯಾಸೆಟ್ ಕವರ್.

ಈಗ ಫೋನಿನಲ್ಲಿ ಹಾಡು ಹಾಕಿ ನೋಡಿ. ಎದ್ದು ಕಾಣುವುದು ಗಾಯಕರ ಹೆಸರು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕವಿಯ ಹೆಸರು ಎಷ್ಟೋ ಹಾಡುಗಳಿಗೆ ಇರುವುದೇ ಇಲ್ಲ. ಚಿತ್ರ ಉಗುರಿನಷ್ಟು, ಅದೂ ಎಷ್ಟೋ ಸಲ ಮೂಲ ಕವರ್ ಅಲ್ಲ, ಆಮೇಲೆ ಯಾರೋ ಜೋಡಿಸಿದ್ದು. ಹೋದ ವರ್ಷ ದೀಪಾವಳಿ ಕಾರ್ಯಕ್ರಮದಲ್ಲಿ ಒಂದು ಮಗು ಬಹಳ ಚೆನ್ನಾಗಿ ಹಾಡಿತು. ಹಾಡುವ ಮುಂಚೆ, ಇದನ್ನು ಬರೆದವರು ಎಂದು ಗಾಯಕರ ಹೆಸರು ಹೇಳಿತು. ಕವಿತೆ ಕೆ.ಎಸ್. ನರಸಿಂಹಸ್ವಾಮಿಯವರದು. ಮಗುವಿನ ತಪ್ಪೇನಿದೆ? ಅದರ ಫೋನ್ ಹೇಳಿದ್ದೇ ಅಷ್ಟು. ಇಲ್ಲಿಯವರು ಸಾಹಿತ್ಯವನ್ನು ಕವರ್ ಮೇಲೆ ತಂದದ್ದೇ ದೊಡ್ಡ ಸುದ್ದಿಯಾಯಿತು. ನಮ್ಮ ಭಾವಗೀತೆಯಲ್ಲಂತೂ ಕವಿಯೇ ಮೊದಲು, ರಾಗ ಆಮೇಲೆ. ಆ ಹೆಸರು ಅಚ್ಚಾಗಿ ನಮ್ಮ ಮನೆಗೆ ಬಂದದ್ದು ಆ ನಾಲ್ಕಿಂಚಿನ ಕಾಗದದ ಮೇಲೆ.

ಇನ್ನೊಂದು ವಿಷಯ. ಬಳಗದ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಮಗ ಮನೆ ಖಾಲಿ ಮಾಡುತ್ತಿದ್ದ. ಇಲ್ಲೇ ಹುಟ್ಟಿದ ಹುಡುಗ, ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಒಂದು ಫೋಟೋ ಕಳಿಸಿದ. "ಅಂಕಲ್, ಅಪ್ಪನ ಕ್ಯಾಸೆಟ್ ಕವರ್ ಒಳಗೆ ಏನೋ ಬರೆದಿದೆ, ಏನದು?" ಕ್ಯಾಸೆಟ್ಟು ಅಂಗಡಿಯದೂ ಅಲ್ಲ. ನೆನಪಿದೆಯಲ್ಲ, ಪಟ್ಟಿ ಬರೆದುಕೊಟ್ಟರೆ ಟಿಡಿಕೆ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದ ಬೆಂಗಳೂರಿನ ರೆಕಾರ್ಡಿಂಗ್ ಅಂಗಡಿಗಳು, ಅಂಥದ್ದು. ನೀಲಿ ಬಾಲ್ ಪೆನ್ನಿನಲ್ಲಿ ಹಾಡುಗಳ ಹೆಸರು. ಒಂದರ ಪಕ್ಕದಲ್ಲಿ ಗೆರೆ ಎಳೆದು ಬರೆದಿದ್ದರು: "ಇದಕ್ಕೆ ಮಗು ಮಲಗುತ್ತದೆ." ಕೆಳಗೆ ತಾರೀಕು, ಅವನು ಹುಟ್ಟಿ ಮೂರು ತಿಂಗಳಾದಾಗಿನದು. ನಾನು ಓದಿ ಹೇಳಿದೆ. ಸ್ವಲ್ಪ ಹೊತ್ತು ಅವನಿಂದ ಉತ್ತರ ಬರಲಿಲ್ಲ. ಆಮೇಲೆ, ಸ್ಕಿಪ್‌ನವರಿಗೆ ಫೋನ್ ಮಾಡಿ ನಾಳೆ ಬರಬೇಡಿ ಎಂದು ಹೇಳಿದ್ದೇನೆ ಎಂದ.

ಧೂಳು, ಜಾಗವಿಲ್ಲ, ಇದೆಲ್ಲ ಹಳೆಯ ಕಾಲದ ಹಂಬಲ ಎನ್ನುತ್ತೀರಿ. ಜಾಗದ ಮಾತು ನಿಜವಲ್ಲ. ಪ್ಲಾಸ್ಟಿಕ್ ಡಬ್ಬಿ, ಟೇಪು ತೆಗೆದರೆ ನೂರು ಕವರ್‌ಗಳು ಒಂದು ಫೋಟೋ ಆಲ್ಬಮ್ಮಿನಲ್ಲಿ ಕೂರುತ್ತವೆ. ಹಳೆಯ ಕಾಲದ ಮಾತು ಬಂದರೆ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 2013ರಲ್ಲಿ ಡೇವಿಡ್ ಬೋವಿಯ ಬಗ್ಗೆ, 2017ರಲ್ಲಿ ಪಿಂಕ್ ಫ್ಲಾಯ್ಡ್ ಬಗ್ಗೆ ದೊಡ್ಡ ಪ್ರದರ್ಶನವನ್ನೇ ಮಾಡಿತು. ನಾವೂ ಟಿಕೆಟ್ ಕೊಂಡು ಹೋಗಿ ನೋಡಿ ಬಂದೆವು. ಭಾವಗೀತೆಯ ಕವರ್‌ಗಳಿಗೆ ಅಂಥ ಮ್ಯೂಸಿಯಂ ಯಾರೂ ಕಟ್ಟುತ್ತಿಲ್ಲ, ನಾನು ಅದನ್ನು ಕೇಳುತ್ತಲೂ ಇಲ್ಲ.

ಕೇಳುವುದು ಇಷ್ಟೇ. ಯುಗಾದಿ ಕಾರ್ಯಕ್ರಮದ ದಿನ ಹಾಲ್‌ನ ಒಂದು ಮೂಲೆಯಲ್ಲಿ ಮೇಜು, ಅದರ ಮೇಲೆ ಸ್ಕ್ಯಾನರ್. ಸ್ಕ್ಯಾನರ್ ನಾನು ತರುತ್ತೇನೆ, ಕೂರಲು ಕಾಲೇಜು ಹುಡುಗರು ಇಬ್ಬರು ಬೇಕು, ಅವರಲ್ಲಿ ಒಬ್ಬರಿಗಾದರೂ ಕನ್ನಡ ಓದಲು ಬಂದರೆ ಒಳ್ಳೆಯದು. ಕವರ್‌ಗಳನ್ನು ಡಬ್ಬಿಯಿಂದ ಬಿಡಿಸಿ, ಮಡಿಕೆ ಬಿಚ್ಚಿ, ಒಂದು ದಪ್ಪ ಪುಸ್ತಕದೊಳಗೆ ಒಂದು ವಾರ ಇಟ್ಟು ತನ್ನಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತವೆ. ಎರಡೂ ಬದಿ ಸ್ಕ್ಯಾನ್ ಮಾಡುತ್ತೇವೆ. ಬೆಲೆಯ ಚೀಟಿ ಕೀಳಬೇಡಿ, ಪೆನ್ನಿನಲ್ಲಿ ಬರೆದದ್ದನ್ನು ಒರೆಸಬೇಡಿ. ಮೂಲ ಕವರ್ ನಿಮಗೇ ವಾಪಸ್. ಸಮಿತಿಯವರಲ್ಲಿ ಒಂದು ವಿನಂತಿ: ಮೇಜನ್ನು ದಯವಿಟ್ಟು ಸಾಂಬಾರಿನ ಪಾತ್ರೆಯಿಂದ ದೂರ ಹಾಕಿಸಿ.