ಮಕ್ಕಳ ಅನ್ನಕ್ಕೂ ವಾಯಿದೆಯೇ?

ಗಿರಣಿಯ ಮಾಲೀಕ ಒಂದು ವಾರ ಕೂಲಿ ತಡೆದರೆ ನಾವು ಗೇಟಿನ ಮುಂದೆ ಕೂರುತ್ತೇವೆ. ತಂದೆಯಾದವನು ವರ್ಷಗಟ್ಟಲೆ ಮಗುವಿನ ಅನ್ನ ತಡೆದರೆ ಮಾತ್ರ ‘ಅದು ಅವರ ಮನೆಯ ವಿಷಯ’ ಎಂದು ಮುಖ ತಿರುಗಿಸುತ್ತೇವೆ. ಇದು ಯಾವ ನ್ಯಾಯ?

ಕಾನೂನು ಇಲ್ಲವೆಂದಲ್ಲ. 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿಯೇ ಅದು ಇತ್ತು. ಆದರೆ ಕೇಂದ್ರದ ಕಾನೂನಿನಲ್ಲಿ 1955ರಲ್ಲಿ ನಿಂತ ತಿಂಗಳಿಗೆ 500 ರೂಪಾಯಿಯ ಮಿತಿ, ಅಕ್ಕಿ ಬೇಳೆಯ ಬೆಲೆ ಎಷ್ಟು ಏರಿದರೂ 2001ರವರೆಗೆ ಅಲುಗಲಿಲ್ಲ. ಈಗ ಆ ಮಿತಿಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿ ಮದುವೆಯ ಒಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂಬ ಭೇದವೂ ಇಲ್ಲ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ತಲುಪಿದ 60 ದಿನದೊಳಗೆ, ‘ಸಾಧ್ಯವಾದ ಮಟ್ಟಿಗೆ’, ತೀರ್ಮಾನಿಸಬೇಕೆಂದು ಬರೆದಿದೆ. ವಾಯಿದೆಯ ಮೇಲೆ ವಾಯಿದೆ ನುಸುಳುವುದು ಈ ‘ಸಾಧ್ಯವಾದ ಮಟ್ಟಿಗೆ’ ಎಂಬ ಕಿಂಡಿಯಲ್ಲಿಯೇ!

ಅಷ್ಟರಲ್ಲಿ ಅಂಗಡಿ ತಮ್ಮನ ಹೆಸರಿಗೆ ಹೋಗಿರುತ್ತದೆ. ಇದನ್ನು ತಡೆಯಲೆಂದು ಸುಪ್ರೀಂ ಕೋರ್ಟು 2020ರ ನವೆಂಬರ್ 4ರ ತೀರ್ಪಿನಲ್ಲಿ, ಇಬ್ಬರೂ ಆಸ್ತಿ ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದಿತು.

ಕೆಲಸ ಹೋದವನ ಗತಿಯೇನು ಎನ್ನುವಿರಾ? 146ನೆಯ ಕಲಮು ಇದೆ. ಗಳಿಕೆ ಕುಗ್ಗಿದವನು ಮೊಬಲಗು ಇಳಿಸಿರೆಂದು ಕೇಳಬಹುದು. ಮಗುವಿನ ಖರ್ಚು ಬೆಳೆದರೆ ತಾಯಿ ಏರಿಸಿರೆಂದು ಕೇಳಬಹುದು. ಈ ಬಾಗಿಲು ತೆರೆದಿರುವಾಗ ಊರು ಬಿಟ್ಟು ಓಡುವುದು ಬಡತನವಲ್ಲ, ಹೇಡಿತನ.

ನಿಜವಾದ ಅನ್ಯಾಯವಿರುವುದು ವಸೂಲಿಯಲ್ಲಿ. ಆದೇಶ ಕೈಗೆ ಬಂದರೂ ಹಣ ಬಾರದು. ಬಾಕಿಗೆ ವಾರಂಟು ಹೊರಡಿಸಲು ತಾಯಿಯೇ ಮತ್ತೆ ಅರ್ಜಿ ಹಾಕಬೇಕು. ಬಾಕಿ ಬಿದ್ದು ಒಂದು ವರ್ಷ ಕಳೆದರೆ ಆ ದಾರಿಯೂ ಮುಚ್ಚಿತು. ವಾರಂಟಿಗೂ ಜಗ್ಗದವನಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಯುಂಟು. ಸೆರೆ ಕಂಡರೂ ಸಾಲ ತೀರುವುದಿಲ್ಲ, ನಿಜ. ಆದರೆ ಮಗುವಿನ ಹೊಟ್ಟೆಯೂ ತುಂಬುವುದಿಲ್ಲ.

ತೆರಿಗೆ ಬಾಕಿಯಾದರೆ ಸರ್ಕಾರ ತಾನೇ ಮನೆ ಬಾಗಿಲಿಗೆ ಬರುತ್ತದೆ. ಮಗುವಿನ ಬಾಕಿಗೆ ಮಾತ್ರ ತಾಯಿ ದಿನದ ಕೂಲಿ ಬಿಟ್ಟು ಕೋರ್ಟಿನ ಕಟ್ಟೆ ಕಾಯಬೇಕು! ಪಶ್ಚಿಮ ಜರ್ಮನಿಯಲ್ಲಿ 1980ರಿಂದ ಬಂದು ಇಂದಿಗೂ ಜರ್ಮನಿಯಲ್ಲಿರುವ ಪದ್ಧತಿಯಂತೆ, ಸರ್ಕಾರವೇ ಮೊದಲು ಮಗುವಿಗೆ ಹಣ ಕೊಡುತ್ತದೆ. ಆಮೇಲೆ ಕೊಡಬೇಕಾದವನ ಬೆನ್ನು ಹತ್ತುತ್ತದೆ. ನಮ್ಮಲ್ಲೇಕೆ ಆಗದು?

ಮಗು ಮೊದಲು ಉಣ್ಣಲಿ. ವಸೂಲಿಯ ಹೊಣೆ ಸರ್ಕಾರದ್ದಾಗಲಿ. ಸಂಘದ ಮುಂದಿನ ಸಭೆಯಲ್ಲಿ ಕೂಲಿ ಬಾಕಿಯ ಮಾತಿನ ಜೊತೆಗೆ ಈ ಬಾಕಿಯ ಮಾತೂ ಏಳಲಿ.