ಮರಳುಗಾಡಿಗೆ ಹೊರಟವರ ಬುತ್ತಿ

ಕಳೆದ ಶ್ರಾವಣದ ಒಂದು ಸಂಜೆ ನನ್ನ ತಮ್ಮನ ಮಗನು ಮೂವರು ಸ್ನೇಹಿತರೊಡನೆ ತಿರುಮಕೂಡಲು ನರಸೀಪುರದ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಭಾರತದ ನಕಾಶೆಯೊಂದನ್ನು ಹರಡಿ ಕುಳಿತನು. ನಾಲ್ವರೂ ಓದಿದವರು, ದುಡಿಯುವವರು. ಇಬ್ಬರು ನಮ್ಮೂರಿನವರು, ಇನ್ನಿಬ್ಬರು ನಂಜನಗೂಡಿನವರು. ನಾಲ್ಕೂ ಚಕ್ರಗಳು ಎಳೆಯುವಂಥ ಹಳೆಯ ಜೀಪೊಂದನ್ನು ಕೂಡಿ ಕೊಂಡು ದುರಸ್ತಿ ಮಾಡಿಸಿದ್ದಾರೆ. ಅದರಲ್ಲಿ ಇಲ್ಲಿಂದ ಹೊರಟು ರಾಜಸ್ಥಾನದ ಥಾರ್ ಮರುಭೂಮಿಯನ್ನು ಸೇರಿ, ಜೈಸಲ್ಮೇರಿನಿಂದಾಚೆ ಡಾಂಬರಿಲ್ಲದ ಒಳದಾರಿಗಳಲ್ಲಿ ಮೂರು ದಿನ ಸಂಚರಿಸಿ, ರಾತ್ರಿ ಗುಡಾರದಲ್ಲಿ ಮಲಗಿ ಹಿಂದಿರುಗಬೇಕೆಂಬುದು ಅವರ ಬಯಕೆ. ನಾಲ್ಕು ಮನೆಯ ಹಿರಿಯರೂ ಒಂದೇ ಮಾತು ಹೇಳಿ ಕಳುಹಿಸಿದ್ದರು: “ದೊಡ್ಡಪ್ಪನವರು ಒಪ್ಪಿದರೆ ಹೋಗಿ ಬನ್ನಿ.” ಹೀಗೆ ಜೀಪು ಅವರದು, ಜವಾಬ್ದಾರಿ ನನ್ನದು ಎಂದಾಯಿತು.

ಬೇಡವೆನ್ನುವುದು ಸುಲಭ. ನಮ್ಮ ಮನೆಗಳಲ್ಲಿ ಹಿರಿಯರು ಹೆಚ್ಚಾಗಿ ಮಾಡುವುದೂ ಅದನ್ನೇ. ಆದರೆ ನನ್ನ ಅಜ್ಜಿ ಗಾಡಿ ಕಟ್ಟಿಸಿಕೊಂಡು ಕೊಳ್ಳೇಗಾಲದ ಮೇಲೆ ಮಲೆಯ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದವರು. ಆ ಕಾಡುದಾರಿ ಅಂದಿನವರಿಗೆ ಥಾರ್‌ಗಿಂತ ಕಡಿಮೆಯ ಭಯವನ್ನೇನೂ ಹುಟ್ಟಿಸುತ್ತಿರಲಿಲ್ಲ. ಹೊರಡುವ ಮುನ್ನ ಅವರು ಅಕ್ಕಿಯನ್ನು ಅಳೆಯುತ್ತಿರಲಿಲ್ಲ. ಎಲ್ಲೆಲ್ಲಿ ನೀರಿದೆ, ಎತ್ತಿಗೆ ಎಲ್ಲಿ ಮೇವು ಸಿಕ್ಕೀತು, ಕತ್ತಲಾಗುವುದರೊಳಗೆ ಯಾವ ಊರನ್ನು ಮುಟ್ಟಬೇಕು ಎಂಬುದನ್ನು ಮೊದಲು ವಿಚಾರಿಸುತ್ತಿದ್ದರು. ಬುತ್ತಿಯ ಮಾತು ಆಮೇಲೆ. ಆ ಹುಡುಗರ ಕೈಯಲ್ಲಿದ್ದ ಹಾಳೆಯನ್ನು ನೋಡಿದೆ. ಕ್ಯಾಮರಾ, ಗುಡಾರ, ಮಡಿಚುವ ಕುರ್ಚಿ, ಅಡುಗೆಯ ಒಲೆ, ಹಾಡು ಕೇಳುವ ಪೆಟ್ಟಿಗೆ ಎಲ್ಲವೂ ಇದ್ದವು. ನೀರು ಎಂಬ ಪದ ಹನ್ನೊಂದನೆಯ ಸಾಲಿನಲ್ಲಿತ್ತು. ಅದರ ಮುಂದೆ ಅಳತೆಯೇ ಇರಲಿಲ್ಲ.

“ಮರಳೆಂದರೆ ನಮಗೆ ಹೊಸದೇ ದೊಡ್ಡಪ್ಪ? ತಲಕಾಡಿನ ಪಕ್ಕದಲ್ಲೇ ಹುಟ್ಟಿದವರಲ್ಲವೇ ನಾವು!” ಎಂದು ಒಬ್ಬನು ನಕ್ಕನು.

ಮಾತು ಸುಳ್ಳಲ್ಲ. ಗಂಗರ ರಾಜಧಾನಿಯಾಗಿದ್ದ ಊರನ್ನು ಕಾವೇರಿಯ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು ಮುಚ್ಚಿದ್ದನ್ನು ಕಣ್ಣಾರೆ ಕಂಡು ಬೆಳೆದವರು ನಾವು. ಅಲಮೇಲಮ್ಮನ ಶಾಪದ ಕಥೆಯನ್ನು ಕೇಳದ ಮಗು ನಮ್ಮ ತಾಲ್ಲೂಕಿನಲ್ಲಿಲ್ಲ. 2020ರ ಡಿಸೆಂಬರಿನ ಪಂಚಲಿಂಗ ದರ್ಶನಕ್ಕೆ ಹೋದವರು ವೈದ್ಯೇಶ್ವರನಿಂದ ಪಾತಾಳೇಶ್ವರ, ಮರಳೇಶ್ವರರ ಕಡೆಗೆ ಮರಳಿನಲ್ಲಿ ಕಾಲೆಳೆದುಕೊಂಡು ನಡೆದದ್ದನ್ನು ಮರೆತಿರಲಾರರು. ಆದರೆ ತಲಕಾಡಿನ ಮರಳಿನಲ್ಲಿ ಯಾವ ದಿಕ್ಕಿಗೆ ಅರ್ಧ ಗಂಟೆ ನಡೆದರೂ ಹೊಳೆಯೋ ತೋಟವೋ ಎಳನೀರಿನ ಅಂಗಡಿಯೋ ಸಿಗುತ್ತದೆ. ಥಾರ್‌ನಲ್ಲಿ ಹಾಗೆ ನಡೆದವನಿಗೆ ಇನ್ನೊಂದು ದಿಬ್ಬ ಸಿಗುತ್ತದೆ, ಅಷ್ಟೇ.

ನನಗೂ ಮರಳಿನ ಪಾಠ ಒಂದು ಸಲ ಆಗಿದೆ. ಕಾಲೇಜು ಮುಗಿಸಿದ ವರುಷ, ಬೇಸಿಗೆಯಲ್ಲಿ ಹೊಳೆ ಬತ್ತಿದ್ದಾಗ, ಬಂಧುಗಳೊಬ್ಬರ ಜೀಪನ್ನು ಬೇಡಿ ತಂದು ಸಂಗಮದಿಂದ ಸ್ವಲ್ಪ ಕೆಳಗೆ ಮರಳಿಗಿಳಿಸಿದೆವು. ಐವತ್ತು ಗಜ ಹೋಗಿರಬಹುದು, ಜೀಪು ನಿಂತಿತು. ನಾನು ಆಕ್ಸಲೇಟರನ್ನು ಬಲವಾಗಿ ಒತ್ತಿದೆ. ಚಕ್ರ ಸುತ್ತಿತು, ಮರಳು ಹಾರಿತು, ಜೀಪು ಅಚ್ಚಿನವರೆಗೆ ಹೂತುಹೋಯಿತು. ದಡದಲ್ಲಿ ಎತ್ತು ಮೇಯಿಸುತ್ತಿದ್ದ ಒಬ್ಬ ರೈತರು ಬಂದು, “ಒತ್ತಿದಷ್ಟೂ ಅದು ನಿಮ್ಮನ್ನು ಒಳಕ್ಕೇ ಎಳೀತದೆ, ಸುಮ್ಕಿರಿ ಸ್ವಾಮಿ” ಎಂದು ಗದರಿ, ಚಕ್ರದ ಮುಂದಿನ ಮರಳನ್ನು ಕೈಯಿಂದಲೇ ಬಾಚಿ, ತೆಂಗಿನ ಗರಿಗಳನ್ನು ಹಾಸಿ, ಟೈರಿನ ಗಾಳಿಯನ್ನು ಅರ್ಧ ಬಿಡಿಸಿ, ಜೋಡೆತ್ತು ಕಟ್ಟಿ ಎಳೆಸಿದರು. ಗಾಳಿ ಬಿಡಿಸಿದ್ದು ಏಕೆಂದು ಅಂದು ನನಗೆ ತಿಳಿಯಲಿಲ್ಲ. ಆ ಹಿರಿಯರು ಯಾವ ಪುಸ್ತಕವನ್ನೂ ಓದಿದವರಲ್ಲ. ಆದರೆ ಮರುಭೂಮಿಯಲ್ಲಿ ವಾಹನ ನಡೆಸುವವರು ಇಂದಿಗೂ ಮೊದಲು ಮಾಡುವ ಕೆಲಸ ಅದೇ. ಡಾಂಬರಿನ ಮೇಲೆ 30 ಪೌಂಡಿನಷ್ಟಿರುವ ಗಾಳಿಯನ್ನು 15–18ಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ಒಂಟೆಯ ಅಗಲವಾದ ಪಾದದಂತೆ ಭಾರವನ್ನು ಹಂಚಿಕೊಂಡು ಮರಳಿನ ಮೇಲೆ ತೇಲುತ್ತದೆ. ಇದಕ್ಕಿಂತಲೂ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವುಂಟು. ಮರಳಿ ಡಾಂಬರಿಗೆ ಬಂದೊಡನೆ ಗಾಳಿ ತುಂಬಿಸಲೇಬೇಕು. ಇಲ್ಲವಾದರೆ ವೇಗದಲ್ಲಿ ಟೈರು ಕಾದು ಸಿಡಿದೀತು. ಆದ್ದರಿಂದ ಗಾಳಿಯ ಅಳತೆ ನೋಡುವ ಮೀಟರೂ ಬ್ಯಾಟರಿಯಿಂದ ನಡೆಯುವ ಪಂಪೂ ಮಡಿಚುವ ಕುರ್ಚಿಗಿಂತ ಮೊದಲು ಹಾಳೆಯಲ್ಲಿ ಬರಬೇಕಾದವು. ಎರಡು ಸಲಿಕೆ, ಎಳೆಯುವ ಗಟ್ಟಿ ಹಗ್ಗ, ಚಕ್ರದಡಿ ಹಾಸಲು ಹಲಗೆ, ಎರಡು ಸ್ಟೆಪ್ನಿ, ಇವುಗಳ ಜಾಗವೂ ಅಲ್ಲೇ.

ದಿಬ್ಬವನ್ನು ನೇರವಾಗಿ ಏರಿ ನೇರವಾಗಿ ಇಳಿಯಬೇಕು. ಓರೆಯಾಗಿ ಹೋದ ವಾಹನ ಮಗುಚಿಕೊಳ್ಳುತ್ತದೆ. ನೆತ್ತಿಯಾಚೆ ಏನಿದೆಯೆಂದು ಇಳಿದು ನಡೆದು ನೋಡದೆ ಏರಬಾರದು. ಮುಂಜಾನೆಯ ತಂಪಿನಲ್ಲಿ ಗಟ್ಟಿಯಾಗಿರುವ ಮರಳು ಬಿಸಿಲೇರಿದಂತೆ ಸಡಿಲವಾಗುತ್ತದೆಯಾದ್ದರಿಂದ ಕಷ್ಟದ ದಾರಿಯನ್ನು ಬೆಳಿಗ್ಗೆಯೇ ಮುಗಿಸುವುದು ಜಾಣತನ.

ಇನ್ನು ನೀರು. ನಾನು ಪೆನ್ಸಿಲ್ ಹಿಡಿದು ಅವರಿಂದಲೇ ಲೆಕ್ಕ ಮಾಡಿಸಿದೆ. ಕುಡಿಯಲು, ಅಡುಗೆಗೆ, ಮುಖ ತೊಳೆಯಲು, ಬೆಳಗಿನ ಪೂಜೆಯ ಗಿಂಡಿಗೆ ಎಲ್ಲ ಸೇರಿ ತಲೆಗೆ ದಿನಕ್ಕೆ 6 ಲೀಟರ್ ಎಂದರೂ ನಾಲ್ವರಿಗೆ 24 ಲೀಟರ್. ಮೂರು ದಿನಕ್ಕೆ 72. ಹುಡುಗರು ಪೆನ್ಸಿಲ್ ಕೆಳಗಿಟ್ಟರು. ನಾನು ಬಿಡಲಿಲ್ಲ. ಜೀಪು ಕೆಟ್ಟು ನಿಂತರೆ, ದಾರಿ ತಪ್ಪಿದರೆ, ಯಾರಾದರೂ ಬಂದು ಹುಡುಕುವವರೆಗೆ ಕಾಯಬೇಕಾದ ಎರಡು ದಿನಕ್ಕೆ 48 ಲೀಟರ್ ಸೇರಿಸಿ ಎಂದೆ. ಒಟ್ಟು 120. ಅದನ್ನು ಒಂದೇ ಡ್ರಮ್ಮಿನಲ್ಲಿ ತುಂಬಿದರೆ ಒಂದು ಬಿರುಕಿಗೆ ಎಲ್ಲವೂ ಮರಳು ಪಾಲು. 20 ಲೀಟರಿನ ಆರು ಕ್ಯಾನುಗಳಾಗಬೇಕು. ಅದರ ತೂಕ 120 ಕಿಲೋ, ಎಂದರೆ ಜೀಪಿನಲ್ಲಿ ಇನ್ನಿಬ್ಬರು ಆಸಾಮಿಗಳು ಕುಳಿತಂತೆ. ಆ ಭಾರವನ್ನು ಚಾವಣಿಯ ಮೇಲೆ ಹೇರದೆ ಒಳಗೆ ತಗ್ಗಿನಲ್ಲಿ ಕಟ್ಟಬೇಕು. ಜಾಗಕ್ಕಾಗಿ ಕುರ್ಚಿಗಳು ಹೋದವು, ಹಾಡಿನ ಪೆಟ್ಟಿಗೆಯೂ ಹೋಯಿತು. ಡೀಸೆಲ್ ಲೆಕ್ಕವೂ ಹೀಗೆಯೇ. ಮರಳಿನಲ್ಲಿ ಕೆಳಗಿನ ಗೇರಿನಲ್ಲೇ ನಡೆಯುವ ಗಾಡಿ ಡಾಂಬರಿನ ಮೇಲೆ ಕುಡಿಯುವುದಕ್ಕಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಕುಡಿಯುತ್ತದೆ. ಮುಂದೆ ಎಲ್ಲೋ ಬಂಕ್ ಇರಬಹುದೆಂದು ನಂಬಿ ಜೈಸಲ್ಮೇರನ್ನು ಬಿಡಬಾರದು.

ಕಾಲದ ವಿಷಯದಲ್ಲಿ ಅವರು ತಪ್ಪಿರಲಿಲ್ಲ, ಡಿಸೆಂಬರನ್ನೇ ಆರಿಸಿದ್ದರು. 2016ರ ಮೇ 19ರಂದು ಜೋಧಪುರದ ಕಡೆಯ ಫಲೋಡಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಅಂಥ ನಾಡಿಗೆ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಲು ಹವಣಿಸುವ ತಂದೆತಾಯಿಗಳೂ ಇದ್ದಾರೆ! ಆದರೆ ಚಳಿಗಾಲದ ಇರುಳು ಅಲ್ಲಿ ನಮ್ಮ ಮೈಸೂರಿನ ಚಳಿಯಲ್ಲ; ಉಣ್ಣೆಯ ಕಂಬಳಿ ಇಲ್ಲದೆ ಗುಡಾರದಲ್ಲಿ ಮಲಗಿದವರು ಬೆಳಿಗ್ಗೆ ಎದ್ದು ಕೂರಲಾರರು.

ದಾರಿಯ ವಿಚಾರಕ್ಕೆ ಬರೋಣ. ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್, ಅಹಮದಾಬಾದುಗಳ ಮೇಲೆ ಹೋಗಿ, ಸಾಂಚೋರಿನ ಬಳಿ ರಾಜಸ್ಥಾನವನ್ನು ಹೊಕ್ಕು, ಬಾಡಮೇರಿನ ಮೂಲಕ ಜೈಸಲ್ಮೇರ್ ಸೇರುವುದಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ಪಯಣ. ಇದನ್ನು ಎರಡೇ ದಿನದಲ್ಲಿ, ಇರುಳೂ ಸರದಿಯಂತೆ ಓಡಿಸಿ ಮುಗಿಸುವುದೆಂದು ಬರೆದಿದ್ದರು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತ್ಯಂತ ಅಪಾಯದ ಸಾಲು ಅದು, ಮರಳಿನದ್ದಲ್ಲ. ನಿದ್ದೆಗಣ್ಣಿನ ಚಾಲಕನಿಗೆ ನಾಲ್ಕು ಪಥದ ಹೆದ್ದಾರಿಗಿಂತ ದೊಡ್ಡ ಮರುಭೂಮಿ ಇಲ್ಲ. ನಾಲ್ಕು ಹಗಲುಗಳೆಂದು ತಿದ್ದಿಸಿದೆ. ಹೊತ್ತು ಮುಳುಗಿದ ಮೇಲೆ ಗಾಡಿ ನಡೆಯಕೂಡದೆಂದೂ ಬರೆಯಿಸಿದೆ.

ಜೈಸಲ್ಮೇರಿನಿಂದ ವಾಯವ್ಯಕ್ಕೆ ರಾಮಗಢದ ಮೇಲೆ ಸುಮಾರು 120 ಕಿಲೋಮೀಟರು ಹೋದರೆ ತನೋಟ್ ಮಾತೆಯ ಗುಡಿ. ಗಡಿ ಭದ್ರತಾ ಪಡೆಯವರು ನೋಡಿಕೊಳ್ಳುವ ಆ ಗುಡಿಯಲ್ಲಿ ಪಾಕಿಸ್ತಾನದ ಕಡೆಯಿಂದ ಬಿದ್ದು ಸಿಡಿಯದೆ ಉಳಿದ ಗುಂಡುಗಳನ್ನು ಇಂದಿಗೂ ಇಟ್ಟಿದ್ದಾರೆ. ಅಲ್ಲಿಗೂ, 1971ರ ಡಿಸೆಂಬರಿನಲ್ಲಿ ನಮ್ಮ ಸಣ್ಣದೊಂದು ತುಕಡಿ ಶತ್ರುಗಳ ಟ್ಯಾಂಕುಗಳನ್ನು ಇರುಳಿಡೀ ತಡೆದು ನಿಲ್ಲಿಸಿದ ಲೋಂಗೇವಾಲಾಕ್ಕೂ ಡಾಂಬರು ರಸ್ತೆಯಿದೆ. ರಸ್ತೆಯ ಮೇಲೆ ಗಾಳಿ ಮರಳನ್ನು ಒಡ್ಡಿರುತ್ತದೆ, ಒಂಟೆಗಳು ಅಡ್ಡ ಬರುತ್ತವೆ, ಅಷ್ಟೇ. ಆದರೆ ಆ ಸೀಮೆ ಗಡಿನಾಡು. ಕೆಲವು ಠಾಣೆಗಳ ವ್ಯಾಪ್ತಿಗೆ ಹೊರಗಿನವರು ಜಿಲ್ಲಾಡಳಿತದ ಅನುಮತಿಯಿಲ್ಲದೆ ಹೋಗುವಂತಿಲ್ಲ. ಪೋಖ್ರಾನಿನ ಸುತ್ತ ಸೈನ್ಯವು ಗುಂಡು ಹಾರಿಸುವ ವಿಶಾಲವಾದ ಬಯಲಿದೆ. ಮೊಬೈಲು ಸಿಗದೆಂದು ಉಪಗ್ರಹ ದೂರವಾಣಿಯನ್ನು ಎಲ್ಲಿಂದಲೋ ತರಿಸುವ ಮಾತನ್ನು ಒಬ್ಬನು ಆಡಿದನು. ಸರ್ಕಾರದ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಅಪರಾಧವೆಂದು ತಿಳಿಸಿದ ಮೇಲೆ ಸುಮ್ಮನಾದನು. ಹಾರುವ ಕ್ಯಾಮರಾಕ್ಕೂ ಅಲ್ಲಿ ಎಡೆಯಿಲ್ಲ.

ಸುಮಾರು 3,160 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನವೂ ಆ ಕಡೆಯೇ ಇದೆ. ನಮ್ಮ ಬಳ್ಳಾರಿ ಸೀಮೆಯ ಸಿರುಗುಪ್ಪದಲ್ಲಿಯೂ ಕಾಣಿಸಿಕೊಂಡಿರುವ ಎರ್ಲಡ್ಡು ಹಕ್ಕಿ ದೇಶದಲ್ಲಿ ಹೆಚ್ಚಾಗಿ ಉಳಿದಿರುವುದು ಆ ಜೈಸಲ್ಮೇರ್ ಪ್ರಾಂತದಲ್ಲೇ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುವ ಹಕ್ಕಿ ಅದು. ಇದ್ದ ಜಾಡನ್ನು ಬಿಟ್ಟು ಹುರುಪಿಗೆ ಜೀಪು ತಿರುಗಿಸುವವರ ಚಕ್ರದಡಿ ಏನು ಸಿಕ್ಕೀತೆಂದು ಯಾರು ಬಲ್ಲರು?

ಊಟಕ್ಕೆ ನಮ್ಮ ಸಮಾಜದವರು ಅಲ್ಲಿ ಅಂಜಬೇಕಿಲ್ಲ. ಸಜ್ಜೆಯ ರೊಟ್ಟಿ, ಬೇಳೆ, ಮಜ್ಜಿಗೆ ಹಳ್ಳಿಹಳ್ಳಿಯಲ್ಲೂ ಉಂಟು. ಸಾಂಗ್ರಿ ಎಂಬ ಪಲ್ಯವೊಂದಿದೆ. ಅದು ಖೇಜಡಿ ಮರದ ಎಳೆಯ ಕಾಯಿ. ಆ ಖೇಜಡಿ ಬೇರಾವುದೂ ಅಲ್ಲ, ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ! 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಆ ಮರಗಳನ್ನು ಕಡಿಯಗೊಡದೆ ಅಮೃತಾದೇವಿ ಮೊದಲಾಗಿ 363 ಮಂದಿ ಬಿಷ್ಣೋಯಿಗಳು ಪ್ರಾಣಕೊಟ್ಟರು. ಅಲ್ಲಿಯವರು ಮಳೆನೀರನ್ನು ಟಾಂಕಾ ಎಂಬ ನೆಲದೊಳಗಿನ ತೊಟ್ಟಿಗಳಲ್ಲಿ ವರುಷವಿಡೀ ಕಾಪಾಡಿಕೊಳ್ಳುತ್ತಾರೆ. ಕೇಳದೆ ಅದರ ಮುಚ್ಚಳ ತೆಗೆಯುವುದು, ಅದರ ಬಳಿ ಕೈಕಾಲು ತೊಳೆಯುವುದು ಒಬ್ಬರ ಅಡುಗೆಮನೆಗೆ ಚಪ್ಪಲಿ ಮೆಟ್ಟಿ ನುಗ್ಗಿದಂತೆ. ಮನೆಯಿಂದ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಹುಳಿಗೊಜ್ಜು ಕಟ್ಟಿಕೊಟ್ಟರೆ ಸಾಕು. ನಂಜನಗೂಡಿನ ತಾಯಿಯೊಬ್ಬರು ರಸಬಾಳೆಯ ಗೊನೆಯೊಂದನ್ನು ಕಳುಹಿಸುವುದಾಗಿ ಹೇಳಿದ್ದಾರೆ. ಅದು ಬೆಳಗಾವಿಯನ್ನೂ ಮುಟ್ಟಲಾರದು.

ಇಷ್ಟೆಲ್ಲ ಆದಮೇಲೂ ಒಂದು ಮಾತು ಉಳಿದಿತ್ತು. ನಾನು ಕೇಳಿದೆ: “ನಿಮ್ಮ ಜೀಪು ಹೂತುಹೋದರೆ ಎಳೆಯುವವರು ಯಾರು?” ಯಾರೂ ಮಾತಾಡಲಿಲ್ಲ. ಒಂಟಿ ಗಾಡಿಯಲ್ಲಿ ಮರಳಿಗಿಳಿಯಬಾರದೆಂಬುದು ಅಲ್ಲಿಯವರೇ ಪಾಲಿಸುವ ನಿಯಮ. ಅಂದು ನಮಗೆ ಜೋಡೆತ್ತು ಸಿಕ್ಕವು. ಎತ್ತಿಲ್ಲದ ಕಡೆ ಇನ್ನೊಂದು ಗಾಡಿಯೇ ಎತ್ತು. ಆದ್ದರಿಂದ ಡಾಂಬರಿನ ದಾರಿಗೆ ನನ್ನ ಒಪ್ಪಿಗೆಯುಂಟು, ಒಳದಾರಿಯ ಮೂರು ದಿನಕ್ಕೆ ಇಲ್ಲವೆಂದೆ. ನನ್ನ ತಮ್ಮನ ಮಗ ನಕಾಶೆಯನ್ನು ಮಡಿಚಿಕೊಂಡು ಎದ್ದುಹೋದನು. ನಾಲ್ಕು ದಿನ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ. “ಇಷ್ಟೆಲ್ಲ ಲೆಕ್ಕ ಕಲಿಸಿ ಕೊನೆಗೆ ಬೇಡ ಅಂದ್ರಲ್ಲಾ” ಎಂದು ಅವನ ತಾಯಿಯೇ ನನ್ನನ್ನು ಆಕ್ಷೇಪಿಸಿದರು.

ಐದನೆಯ ದಿನ ಅವನು ಹೊಸ ಹಾಳೆ ತಂದನು. ಜೈಸಲ್ಮೇರಿನಲ್ಲಿ ಸ್ವಂತ ಜೀಪಿರುವ ಸ್ಥಳೀಯ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಂಡು, ಅವರು ಮುಂದೆ, ಇವರು ಹಿಂದೆ ಹೋಗುವುದು. ದಿನಕ್ಕೆ 60 ಕಿಲೋಮೀಟರು ಒಳದಾರಿ. ನೀರಾಗಲಿ ಡೀಸೆಲ್ ಆಗಲಿ ಅರ್ಧಕ್ಕೆ ಬಂದ ಗಳಿಗೆಯಲ್ಲಿ ಎಲ್ಲಿದ್ದರೂ ಹಿಂದಿರುಗುವುದು. ಪ್ರತಿ ಸಂಜೆ ತಂಗುವ ಜಾಗದ ಹೆಸರನ್ನು ಮೊದಲೇ ಮನೆಗೆ ಕೊಟ್ಟಿರುವುದು. ಗೊತ್ತುಮಾಡಿದ ದಿನ ರಾಮಗಢದಿಂದ ದೂರವಾಣಿ ಬಾರದಿದ್ದರೆ ಮರುದಿನ ಮಧ್ಯಾಹ್ನ ಮನೆಯವರು ಜೈಸಲ್ಮೇರಿನ ಪೊಲೀಸರಿಗೆ ತಿಳಿಸುವುದು. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಒಂದೇ ಒಂದು ಷರತ್ತು ಹಾಕಿದೆ: ಹೊರಡುವ ಮುನ್ನ ಇಲ್ಲಿಯೇ ಜೀಪನ್ನು ಬೇಕೆಂದು ಹೂತು, ತಾವೇ ತೆಗೆದು ತೋರಿಸಬೇಕು.

ತಲಕಾಡಿನ ದಿಬ್ಬಗಳಿಗೆ ಗಾಡಿ ಇಳಿಸುವುದು ಸಲ್ಲದು; ಅವು ಗುಡಿಗಳನ್ನು ಮಡಿಲಲ್ಲಿಟ್ಟುಕೊಂಡಿರುವ ದಿಬ್ಬಗಳು. ಪರಿಚಿತರೊಬ್ಬರ ಹೊಲದಂಚಿನಲ್ಲಿ ಪ್ರವಾಹ ಬಿಟ್ಟುಹೋದ ಮರಳಿನ ರಾಶಿಯಿತ್ತು. ಅವರ ಅಪ್ಪಣೆ ಪಡೆದು ಕಳೆದ ಭಾನುವಾರ ಅಲ್ಲಿಗೆ ಹೋದೆವು. ಬೆಳಿಗ್ಗೆ ಎಂಟೂ ಕಾಲಿಗೆ ಜೀಪು ಹೂತಿತು. ಎತ್ತಿನ ಸಹಾಯ ಕೂಡದೆಂದು ನಾನು ಮರದಡಿ ಕುಳಿತೆ. ಸಲಿಕೆ ಹಿಡಿದರು, ಗಾಳಿ ಬಿಟ್ಟರು, ಹಲಗೆ ಹಾಸಿದರು, ಒಬ್ಬರನ್ನೊಬ್ಬರು ಬೈದುಕೊಂಡರು. ಜೀಪು ಗಟ್ಟಿ ನೆಲಕ್ಕೆ ಬಂದಾಗ ಹತ್ತೂವರೆ. ನಾಲ್ವರೂ ಸೇರಿ ಕುಡಿದ ನೀರು ಒಂಬತ್ತು ಲೀಟರ್.

ನನ್ನ ತಮ್ಮನ ಮಗ ಮರಳಾದ ಕೈಯನ್ನು ಪಂಚೆಗೆ ಒರೆಸಿಕೊಂಡು, ಜೇಬಿನಿಂದ ಹಾಳೆ ತೆಗೆದು, ಜೀಪಿನ ಮೂತಿಯ ಮೇಲಿಟ್ಟು, ದಿನಕ್ಕೆ 60 ಎಂದಿದ್ದುದನ್ನು ಹೊಡೆದುಹಾಕಿ 25 ಎಂದು ಬರೆದನು. ನೀರಿನ ಸಾಲಿನಲ್ಲಿ ಇನ್ನೆರಡು ಕ್ಯಾನು ಸೇರಿಸಿದನು. ನಾನು ಕೆಳಗೆ ಸಹಿ ಹಾಕಿದೆ. ಆ ಹಾಳೆಯ ಒಂದು ಪ್ರತಿ ಈಗ ಅವನ ತಾಯಿಯ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುತ್ತಿದೆ.