ಎರಡೂವರೆ ಸಾವಿರದ ಗೆರೆ: ದರ್ಜಿಗೆ ಲಾಭವೋ, ನಷ್ಟವೋ?

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗೆ ಮದುವೆ ಬಟ್ಟೆ ತಗೊಳ್ಳೋಕೆ ಹರಿಹರ, ಜಗಳೂರು ಕಡೆಯಿಂದ ಬಸ್ಸಿಳಿದು ಬರುವವರಿಗೆ ಒಂದೇ ಗೊಂದಲ. ರೆಡಿಮೇಡ್ ತಗೊಳ್ಳೋದೋ, ಬಟ್ಟೆ ತಗೊಂಡು ಹೊಲಿಸೋದೋ? ಈ ಮಾತನ್ನು ಮೊದಲು ಮನೆಯಲ್ಲೇ ತೀರ್ಮಾನಿಸುತ್ತಿದ್ದರು. ಈಗ ದಿಲ್ಲಿಯ ಜಿ.ಎಸ್.ಟಿ. ಮಂಡಳಿಯೂ ನಡುವೆ ಬಾಯಿ ಹಾಕಿದೆ.

ಹೇಗೆ ಅಂತೀರಾ? ಹೊಲಿದ ಉಡುಪಿಗೆ ಮೊದಲು ಒಂದು ಸಾವಿರ ರೂಪಾಯಿವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 12 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಆ ಗೆರೆ 2,500ಕ್ಕೆ ಸರಿದಿದೆ. ಗೆರೆಯ ಒಳಗಿದ್ದರೆ ಶೇ. 5, ದಾಟಿದರೆ ಶೇ. 18. ಥಾನಿನಿಂದ ಕತ್ತರಿಸಿ ಕೊಡುವ ಬಟ್ಟೆಗೆ ಮಾತ್ರ 2017ರ ಜುಲೈನಲ್ಲಿ ಬಿದ್ದ ಶೇ. 5 ಹಾಗೇ ಉಳಿದಿದೆ.

ಲೆಕ್ಕ ಹಾಕಿ ನೋಡಿ. 1,500 ರೂಪಾಯಿಯ ರೆಡಿಮೇಡ್ ಶರ್ಟಿಗೆ ಮೊದಲು 180 ರೂ. ತೆರಿಗೆ, ಈಗ 75. ಗಿರಾಕಿಗೆ 105 ರೂ. ಉಳಿತಾಯ. ಕಟ್‌ಪೀಸ್ ಅಂಗಡಿಯವರಿಗೆ ಕೊಡಲು ಅಂಥ ರಿಯಾಯಿತಿ ಯಾವುದೂ ಇಲ್ಲ. ದಿನಬಳಕೆಯ ಬಟ್ಟೆಯಲ್ಲಿ ದರ್ಜಿಗೆ ಪೆಟ್ಟು ಬಿದ್ದಿರುವುದು ಇಲ್ಲೇ.

ಆದರೆ ಗೆರೆಯ ಆಚೆ ಆಟ ಉಲ್ಟಾ. ಮದುಮಗನ ಆರು ಸಾವಿರದ ರೆಡಿಮೇಡ್ ಕೋಟಿಗೆ 720 ಇದ್ದ ತೆರಿಗೆ 1,080 ಆಗಿದೆ. ಅದೇ ಕೋಟಿನ ಬಟ್ಟೆ ಕೊಂಡರೆ ಶೇ. 5 ಅಷ್ಟೇ. ವರ್ಷಕ್ಕೆ 20 ಲಕ್ಷದ ಒಳಗೆ ದುಡಿಯುವ ದರ್ಜಿ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಾಗಿಲ್ಲ, ಹೀಗಾಗಿ ಅವರ ಹೊಲಿಗೆ ಕೂಲಿಯ ಮೇಲೆ ತೆರಿಗೆಯೂ ಬೀಳದು. ಅಂದರೆ ಮದುವೆ ಬಟ್ಟೆಯಲ್ಲಿ ದರ್ಜಿಗೆ ಒಂದು ಬಾಗಿಲು ತೆರೆದಿದೆ. ಈ ಮಾತನ್ನು ಗಿರಾಕಿಗೆ ಹೇಳುವ ಅಂಗಡಿಗಳು ಎಷ್ಟಿವೆ?

ಇನ್ನೊಂದು ಗುಟ್ಟು ಬಟ್ಟೆಯ ಅಗಲದಲ್ಲಿದೆ. "ಮೀಟರಿಗೆ ಎಷ್ಟ್ರೀ?" ಅಂತ ಎಲ್ಲರೂ ಕೇಳುತ್ತಾರೆ, "ಅಗಲ ಎಷ್ಟ್ರೀ?" ಅನ್ನುವವರು ಕಡಿಮೆ. 36 ಇಂಚು ಅಗಲದ ಬಟ್ಟೆಯಾದರೆ ಒಂದು ಶರ್ಟಿಗೆ ಎರಡೂಕಾಲು ಮೀಟರ್ ಬೇಕು, 58 ಇಂಚಿನದಾದರೆ 1.6 ಮೀಟರ್ ಸಾಕು. ಮೀಟರಿಗೆ 180 ರೂ. ಎಂದು ಮೊದಲನೆಯದನ್ನು ಕೊಂಡರೆ 405 ರೂ. ಆಯಿತು. 240ರದ್ದು ದುಬಾರಿ ಅನ್ನಿಸಿದರೂ ಬೀಳುವುದು 384. ಅಗ್ಗ ಅಂತ ಕೈ ಹಾಕಿದ್ದೇ ದುಬಾರಿ! ಇನ್ನು ಹಿರಿಯರ ಬಾಯಲ್ಲಿ ಈಗಲೂ ಉಳಿದಿರುವ ಗಜ 91 ಸೆಂಟಿಮೀಟರ್ ಚಿಲ್ಲರೆ ಮಾತ್ರ. ಮೂರು ಗಜಕ್ಕೂ ಮೂರು ಮೀಟರಿಗೂ ಕಾಲು ಮೀಟರಿನಷ್ಟು ವ್ಯತ್ಯಾಸ. ಅಳತೆಗೋಲಿನ ಮೇಲೆ ಇಲಾಖೆಯ ಮುದ್ರೆ ಇದೆಯೇ ಎಂದು ನೋಡಿ ಕೊಳ್ಳುವುದು ಗಿರಾಕಿಯ ಹಕ್ಕು, ಜಗಳವಲ್ಲ.

ಹಾಗಂತ ತಪ್ಪನ್ನೆಲ್ಲ ತೆರಿಗೆಯ ತಲೆಗೆ ಕಟ್ಟಿದರೆ ನ್ಯಾಯವಲ್ಲ. ಗಿರಾಕಿಯನ್ನು ರೆಡಿಮೇಡ್ ಅಂಗಡಿಗೆ ಓಡಿಸಿದ್ದರಲ್ಲಿ ದರ್ಜಿಗಳ "ನಾಳೆ ಬನ್ರೀ" ಅನ್ನುವ ಮಾತಿಗೂ ಪಾಲಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ, ನಿಜ. ಗಂಡಸರಿಗೆ ಇದೆ, ಖಾಸಗಿ ಬಸ್ಸಿನಲ್ಲಿ ಎಲ್ಲರಿಗೂ ಇದೆ. ಎರಡು ಸಲ ಬರಿಗೈಲಿ ವಾಪಸ್ ಹೋದ ಹಳ್ಳಿಯವರಿಗೆ ಹೊಲಿಸಿದ್ದರಲ್ಲಿ ಉಳಿದದ್ದು ಬಸ್ ಚಾರ್ಜಿಗೇ ಸರಿಹೋಗುತ್ತದೆ. ಒಂದು ದಿನದ ಕೂಲಿ ಹೋದದ್ದು ಬೇರೆ.

ಅಂಗಡಿಯವರು ದರದ ಚೀಟಿಯ ಮೇಲೆ ಅಗಲವನ್ನೂ ಬರೆಯಲಿ. ದರ್ಜಿಗಳು ಹೇಳಿದ ತಾರೀಖಿಗೆ ಬಟ್ಟೆ ಕೊಡಲಿ. ಕಾನೂನು ಮಾಪನ ಇಲಾಖೆಯವರು ಮದುವೆ ಕಾಲದಲ್ಲಾದರೂ ಪೇಟೆಯಲ್ಲಿ ಒಂದು ಸುತ್ತು ಹಾಕಲಿ. ಇಷ್ಟಾದರೆ ಹೊಲಿಗೆ ಮಿಷಿನ್ನಿನ ಸದ್ದು ನಮ್ಮ ಪೇಟೆಯಲ್ಲಿ ಇನ್ನಷ್ಟು ವರ್ಷ ಕೇಳೀತು.